ಸೊಂಟನೋವಿನವರ ಮನೆ ವ್ಯಾಯಾಮ: ಹಿಡಿದದ್ದನ್ನು ಬಿಡದಂತೆ ನಡೆಸುವ ಬಗೆ

(ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಚಾರವನ್ನು ನೀವು ಬೇಕಾದಷ್ಟು ಸಭೆಗಳಲ್ಲಿ ಕೇಳಿದ್ದೀರಿ. ಇಂದು ಬೆಳೆಯ ವಿಚಾರವಲ್ಲ, ಬೆಳೆ ತೆಗೆಯುವವರ ಸೊಂಟದ ವಿಚಾರ. ಸಭೆ ಶುರುವಾಗುವ ಮೊದಲು ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆ. "ಸೊಂಟ್‌ನೋವಾ ಸ್ವಾಮಿ? ಅರಿಶಿನ ಬೆಳೆಯೋರಿಗೆ ಅದು ಹುಟ್ಟಿನಿಂದಲೇ ಬಂದದೆ" ಎಂದು ನಕ್ಕರು. ನಕ್ಕರೂ ಏಳುವಾಗ ಕಂಬ ಹಿಡಿದೇ ಎದ್ದರು.

ಇದು ಒಂದೂರಿನ ಕಥೆಯಲ್ಲ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವು ಇತ್ತೆಂದು ಅಂತರರಾಷ್ಟ್ರೀಯ ಲೆಕ್ಕ ಹೇಳುತ್ತದೆ. ಇದಕ್ಕೆ ಮದ್ದೇನು ಎಂಬುದೂ ಬಹುಮಟ್ಟಿಗೆ ಗೊತ್ತಿದೆ: ತಕ್ಕಮಟ್ಟಿನ ವ್ಯಾಯಾಮ, ನಡಿಗೆ, ರೋಗಿಗೆ ಸರಿಯಾದ ತಿಳಿವಳಿಕೆ. ಆದರೆ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ಎಷ್ಟು ದಿನ ಮಾಡುತ್ತೇವೆ? ಕಷ್ಟವಿರುವುದು ಅಲ್ಲೇ. ನಾನು ಹೇಳಬೇಕೆಂದಿರುವುದೂ ಅದೊಂದನ್ನೇ.

ಒಬ್ಬ ರೈತರ ಅನುಭವ

ಈ ಸೀಮೆಯ ರೈತರೊಬ್ಬರು, ವಯಸ್ಸು ಐವತ್ತೈದರ ಆಸುಪಾಸು. ಅರಿಶಿನ, ಬಾಳೆ, ಎರಡು ಹಸು. ಸೊಂಟನೋವು ಹೆಚ್ಚಾಗಿ ಆಸ್ಪತ್ರೆಗೆ ಹೋದರು. ಮಾತ್ರೆಯ ಜೊತೆಗೆ ಎಂಟು ವ್ಯಾಯಾಮಗಳ ಚಿತ್ರವಿದ್ದ ಒಂದು ಕಾಗದ ಸಿಕ್ಕಿತು. ಹತ್ತು ದಿನ ಶ್ರದ್ಧೆಯಿಂದ ಮಾಡಿದರು. ಅಷ್ಟರಲ್ಲಿ ಅರಿಶಿನ ಅಗೆಯುವ ಕಾಲ ಬಂತು. ಬೆಳಗ್ಗೆ ಆಳು ಕರೆಯಬೇಕು, ಸಂಜೆ ಕೊಪ್ಪರಿಗೆ ಏರಿಸಬೇಕು. ಒಂದು ದಿನ ತಪ್ಪಿತು, ಮಾರನೆಯ ದಿನವೂ ತಪ್ಪಿತು. ಕಾಗದ ಪಂಚಾಂಗದೊಳಗೆ ಸೇರಿತು.

ಆಮೇಲೆ ನಡೆದದ್ದು ಹೆಚ್ಚು ಮುಖ್ಯ. ಮತ್ತೆ ಬರುವಂತೆ ಆಸ್ಪತ್ರೆಯಲ್ಲಿ ಹೇಳಿದ್ದರೂ ಅವರು ಹೋಗಲಿಲ್ಲ. ಕಾರಣ ಕೇಳಿದಾಗ, "ಮಾಡ್ಲಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದರು. ಮೇಲಿನ ಹೊಲಕ್ಕೆ ಹೋಗುವುದನ್ನು ಕಡಿಮೆ ಮಾಡಿದರು. ಡೇರಿಗೆ ಹಾಲು ಹಾಕುವ ಕೆಲಸ ಮಗನ ಬೈಕಿಗೆ ಹೋಯಿತು. ನಡಿಗೆ ಕಡಿಮೆಯಾದಂತೆ ಕಾಲಿನ ಬಲ ಕುಂದಿತು, ಬಲ ಕುಂದಿದಂತೆ ನೋವು ಹೆಚ್ಚಿತು. ಕೊನೆಗೆ ಆ ಹೊಲವನ್ನು ವಾರಕ್ಕೆ ಕೊಡುವ ಮಾತು ಮನೆಯಲ್ಲಿ ಬಂತು. ಬಿಟ್ಟುಹೋದ ಹದಿನೈದು ನಿಮಿಷದ ವ್ಯಾಯಾಮ ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಇವರನ್ನು ಸೋಮಾರಿ ಎನ್ನಲು ಸಾಧ್ಯವೇ? ಖಂಡಿತ ಇಲ್ಲ. ನನ್ನ ತಿಳಿವಳಿಕೆಯಲ್ಲಿ ಮನೆ ವ್ಯಾಯಾಮ ನಿಂತುಹೋಗಲು ಮೂರು ಕಾರಣಗಳು. ಒಂದು, ವ್ಯಾಯಾಮ ದಿನದ ಕೆಲಸದೊಳಗೆ ಹೊಂದಿಕೊಂಡಿರುವುದಿಲ್ಲ. ಎರಡು, ವ್ಯಾಯಾಮದಿಂದ ಸ್ವಲ್ಪ ನೋವಾದರೆ ಬೆನ್ನು ಕೆಟ್ಟಿತೆಂದು ಹೆದರುತ್ತೇವೆ. ಮೂರು, ಮಾಡಿದರೂ ಬಿಟ್ಟರೂ ಕೇಳುವವರಿಲ್ಲ. ಈ ಮೂರನ್ನು ಸರಿಪಡಿಸಿದರೆ ವ್ಯಾಯಾಮ ತಾನಾಗಿ ಉಳಿಯುತ್ತದೆ.

ಮೊದಲು ತಿಳಿಯಬೇಕಾದದ್ದು

ಹಿಂದೆ ಸೊಂಟ ಹಿಡಿದರೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಿರಬೇಕೆಂದು ಹೇಳುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ 203 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ದಿನ ಮಲಗಲು ಹೇಳಿಸಿಕೊಂಡವರು, ಏಳು ದಿನ ಮಲಗಲು ಹೇಳಿಸಿಕೊಂಡವರಿಗಿಂತ ಬೇಗ ಕೆಲಸಕ್ಕೆ ಮರಳಿದರು. ಹೆಚ್ಚು ಮಲಗಿದ್ದರಿಂದ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಅಂದಿನಿಂದ ವೈದ್ಯರ ಸಲಹೆ ಬದಲಾಗುತ್ತ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಕೊಟ್ಟ ಮಾರ್ಗದರ್ಶನದಲ್ಲಿ ವ್ಯಾಯಾಮ ಮತ್ತು ತಿಳಿವಳಿಕೆ ಬೇಕೆಂದಿದೆ. ಸೊಂಟಪಟ್ಟಿ ಕಟ್ಟುವುದನ್ನೂ ಸೊಂಟಕ್ಕೆ ತೂಕ ಕಟ್ಟಿ ಎಳೆಸುವುದನ್ನೂ ವಾಡಿಕೆಯ ಚಿಕಿತ್ಸೆಯಾಗಿ ಕೊಡಬೇಡಿ ಎಂದಿದೆ.

ಹಾಗೆಂದು ಎಲ್ಲ ಸೊಂಟನೋವಿಗೂ ವ್ಯಾಯಾಮವೇ ಮೊದಲ ಮದ್ದಲ್ಲ. ಕೆಳಗಿನ ಯಾವುದೇ ಲಕ್ಷಣವಿದ್ದರೆ ಮೊದಲು ವೈದ್ಯರನ್ನು ಕಾಣಬೇಕು:

1. ಮೂತ್ರ ಕಟ್ಟುವುದು, ಮಲಮೂತ್ರ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು. ಹೀಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.
2. ಕಾಲಿನ ಬಲ ದಿನದಿಂದ ದಿನಕ್ಕೆ ಕುಂದುವುದು, ಪಾದ ಎಳೆಯುವುದು.
3. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು. ಬೆನ್ನೆಲುಬಿಗೂ ಕ್ಷಯ ತಗಲುವುದುಂಟು.
4. ಮರದಿಂದಲೋ ಗಾಡಿಯಿಂದಲೋ ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಬಂದ ನೋವು.

ಇವು ಇಲ್ಲವೆಂದು ಖಚಿತವಾದ ಮೇಲೆ ಧೈರ್ಯವಾಗಿ ವ್ಯಾಯಾಮ ಶುರುಮಾಡಬಹುದು.

"ದಿನವೆಲ್ಲಾ ದುಡೀತೀವಲ್ಲ!"

ಈ ಪ್ರಶ್ನೆ ಪ್ರತಿಯೊಂದು ಊರಿನಲ್ಲೂ ಬರುತ್ತದೆ. "ಬೆಳಗಿಂದ ಸಂಜೆವರೆಗೂ ಬಗ್ಗಿ ಏಳ್ತೀವಿ, ಇನ್ಯಾವ ವ್ಯಾಯಾಮ ಬೇಕು?" ನ್ಯಾಯವಾದ ಪ್ರಶ್ನೆಯೇ. ಆದರೆ ಚೆಂಡುಹೂ ಕೊಯ್ಯುವಾಗ, ಸಣ್ಣ ಈರುಳ್ಳಿಯ ಕಳೆ ತೆಗೆಯುವಾಗ ಗಂಟೆಗಟ್ಟಲೆ ಒಂದೇ ಕಡೆಗೆ ಬಗ್ಗಿರುತ್ತೇವೆ. ಅದು ದುಡಿಮೆ, ಒಂದೇ ಭಾಗಕ್ಕೆ ಮತ್ತೆ ಮತ್ತೆ ಬೀಳುವ ಭಾರ. ವ್ಯಾಯಾಮವೆಂದರೆ ಅಳತೆಯಿಟ್ಟು, ನಿಧಾನವಾಗಿ, ಬಲ ಕುಂದಿದ ಕಡೆ ಬಲ ತುಂಬುವುದು. ಎತ್ತು ಹೊಲ ಉಳುತ್ತದೆಂದು ಎಳೆಗರುವನ್ನು ಮೊದಲ ದಿನವೇ ನೇಗಿಲಿಗೆ ಕಟ್ಟುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಪಳಗಿಸುತ್ತೇವೆ. ಹಾಗೆಯೇ ಇದು.

ಜೊತೆಗೆ ಹೊಲದ ಭಾರವನ್ನೂ ಸ್ವಲ್ಪ ಇಳಿಸಬೇಕು. 16 ಲೀಟರಿನ ಸಿಂಪರಣಾ ಯಂತ್ರ ತುಂಬಿದರೆ ನೀರೇ 16 ಕಿಲೋ. ನೋವಿದ್ದವರು ಅರ್ಧ ತುಂಬಿ ಎರಡು ಸಲ ಹೋಗಲಿ. ಔಷಧಿಯ ಅಳತೆಯನ್ನೂ ನೀರಿಗೆ ತಕ್ಕಂತೆ ಇಳಿಸಿಕೊಳ್ಳಬೇಕು. ಯೂರಿಯಾ ಮೂಟೆಯ ತೂಕ 2018ರಿಂದ 50ರ ಬದಲು 45 ಕಿಲೋ ಆಗಿದೆ. ಆದರೂ ಒಬ್ಬರೇ ಎತ್ತುವ ಭಾರವಲ್ಲ, ಇಬ್ಬರು ಹಿಡಿಯಿರಿ. ಉದ್ದ ಹಿಡಿಯ ಕಳೆ ತೆಗೆಯುವ ಸಾಧನ ಸಿಕ್ಕಿದರೆ ಬಗ್ಗುವುದು ತಪ್ಪುತ್ತದೆ.

ಎಂಟು ಬೇಡ, ಮೂರು ಸಾಕು

ಈಗ ವ್ಯಾಯಾಮಕ್ಕೆ ಬರೋಣ. ವೈದ್ಯರು ಅಥವಾ ಫಿಸಿಯೋಥೆರಪಿಯವರು ನಿಮ್ಮನ್ನು ನೋಡಿ ಬೇರೆಯದನ್ನು ಹೇಳಿಕೊಟ್ಟಿದ್ದರೆ ಅದನ್ನೇ ಮಾಡಬೇಕು. ಆದರೆ ಎಂಟು ಹತ್ತು ಹೇಳಿದ್ದರೆ, "ಇವುಗಳಲ್ಲಿ ನನಗೆ ತೀರಾ ಬೇಕಾದ ಮೂರು ಯಾವುವು?" ಎಂದು ಅವರನ್ನೇ ಕೇಳಿ. ಮೂರನ್ನು ಬಿಡದೆ ಮಾಡುವುದು ಎಂಟನ್ನು ಹತ್ತು ದಿನ ಮಾಡಿ ಬಿಡುವುದಕ್ಕಿಂತ ಮೇಲು. ಸಾಮಾನ್ಯವಾಗಿ ಹೊಂದುವ ಮೂರನ್ನು ಹೇಳುತ್ತೇನೆ.

ಮೊದಲನೆಯದು: ಚಾಪೆಯ ಮೇಲೆ ಅಂಗಾತ ಮಲಗಿ, ಎರಡೂ ಮೊಣಕಾಲು ಮಡಿಸಿ ಪಾದ ನೆಲಕ್ಕೂರಿ. ಒಂದು ಮೊಣಕಾಲನ್ನು ಎರಡು ಕೈಯಿಂದ ಮೆಲ್ಲಗೆ ಎದೆಯ ಕಡೆಗೆ ತಂದು ಐದು ಎಣಿಸಿ ಬಿಡಿ. ಆಮೇಲೆ ಇನ್ನೊಂದು ಕಾಲು. ಹೀಗೆ ಐದೈದು ಸಲ.

ಎರಡನೆಯದು: ಅದೇ ರೀತಿ ಮಲಗಿ, ಪಾದ ಊರಿ ಸೊಂಟವನ್ನು ನಿಧಾನವಾಗಿ ಮೇಲೆತ್ತಿ ಮೂರು ಎಣಿಸಿ ಇಳಿಸಿ. ಐದು ಸಲದಿಂದ ಶುರುಮಾಡಿ ಹತ್ತಕ್ಕೆ ಏರಿಸಿ. ಉಸಿರು ಕಟ್ಟಬಾರದು.

ಮೂರನೆಯದು: ಜಗಲಿ ಅಥವಾ ಕುರ್ಚಿಯ ಮೇಲೆ ಕುಳಿತು, ಸಾಧ್ಯವಾದರೆ ಕೈ ಊರದೆ, ಎದ್ದು ನಿಲ್ಲಿ; ಮತ್ತೆ ನಿಧಾನವಾಗಿ ಕುಳಿತುಕೊಳ್ಳಿ. ಐದರಿಂದ ಹತ್ತು ಸಲ. ನಡಿಗೆಗೆ ಬೇಕಾದ ತೊಡೆಯ ಬಲ ಇದರಿಂದ ಬರುತ್ತದೆ.

ನೆಲದಿಂದ ಏಳಲಾಗದ ಹಿರಿಯರು ಮೊದಲೆರಡನ್ನು ಮಂಚದ ಮೇಲೆಯೇ ಮಾಡಬಹುದು. ಎಲ್ಲ ಸೇರಿ ಹತ್ತು ನಿಮಿಷವೂ ಆಗುವುದಿಲ್ಲ.

ನಡಿಗೆಯ ಅಳತೆ

ನಾಲ್ಕನೆಯದು ನಡಿಗೆ. ಇದನ್ನು ಮನಸ್ಸಿಗೆ ಬಂದಂತೆ ಮಾಡಬಾರದು. ಮೊದಲು ಮಟ್ಟಸವಾದ ದಾರಿಯಲ್ಲಿ ಎಷ್ಟು ನಿಮಿಷ ನಡೆದರೆ ನೋವು ನಿಲ್ಲಿಸುತ್ತದೆ ಎಂದು ಎರಡು ಮೂರು ದಿನ ನೋಡಿ. ಎಂಟು ನಿಮಿಷ ಎಂದಿಟ್ಟುಕೊಳ್ಳೋಣ. ಹಾಗಾದರೆ ಆರು ನಿಮಿಷದಿಂದ ಶುರುಮಾಡಿ. ಒಂದು ವಾರ ದಿನವೂ ಆರೇ ನಿಮಿಷ. ಹುಷಾರಾಗಿದ್ದ ದಿನವೂ ಆರೇ, ಬೇಸರದ ದಿನವೂ ಆರೇ. ಮುಂದಿನ ವಾರ ಒಂದು ಅಥವಾ ಎರಡು ನಿಮಿಷ ಸೇರಿಸಿ.

ನಮ್ಮಲ್ಲಿ ಅನೇಕರು ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಸಲ ಮುಗಿಸಿ, ಮುಂದಿನ ನಾಲ್ಕು ದಿನ ಮಲಗುತ್ತಾರೆ. ಕೆರೆ ನೀರನ್ನು ಒಂದೇ ದಿನ ಬಿಟ್ಟು ಬೇಸಗೆಯಲ್ಲಿ ಬಾಯಿ ಬಿಟ್ಟಂತೆ ಅದು. ಅಳತೆಯ ನಡಿಗೆ ಈ ಏರುಪೇರನ್ನು ತಪ್ಪಿಸುತ್ತದೆ.

ಕೆಲವು ಹಿರಿಯರದು ಬೇರೆ ತೊಂದರೆ. ಸ್ವಲ್ಪ ದೂರ ನಡೆಯುತ್ತಲೇ ಎರಡೂ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ. ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರವಾಗುತ್ತದೆ. ಬೆನ್ನೆಲುಬಿನ ನರದ ದಾರಿ ವಯಸ್ಸಿನಿಂದ ಕಿರಿದಾದಾಗ ಹೀಗಾಗುತ್ತದೆ. ಇಂಥವರು ವೈದ್ಯರಿಗೆ ತೋರಿಸಿದ ಮೇಲೆ, ಕಾಲು ಪೂರ್ತಿ ಸೋಲುವ ಮೊದಲೇ ಕುಳಿತು, ಹಗುರವಾದ ಮೇಲೆ ಮತ್ತೆ ನಡೆಯಬೇಕು. ಕುಳಿತದ್ದು ಸೋಲಲ್ಲ, ಅದೂ ವ್ಯಾಯಾಮದ ಭಾಗ. ದಾರಿಯಲ್ಲಿ ಅಲ್ಲಲ್ಲಿ ಕುಳಿತುಕೊಳ್ಳುವ ಕಲ್ಲನ್ನೋ ಕಟ್ಟೆಯನ್ನೋ ಗುರುತುಮಾಡಿಕೊಂಡರೆ ಧೈರ್ಯ ಬರುತ್ತದೆ.

ಇನ್ನೊಂದು ಎಚ್ಚರಿಕೆ. ಬಂಡೀಪುರದ ಕಾಡಂಚಿನ ಊರುಗಳವರು ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕಾಡಿನ ಕಡೆಯ ದಾರಿ ಹಿಡಿಯಬೇಡಿ. ಆನೆ ಎದುರಾದರೆ ಸೊಂಟನೋವಿನವರು ಓಡಲಾರರು. ಬೆಳಕು ಹರಿದ ಮೇಲೆ ಊರೊಳಗಿನ ಬೀದಿಯಲ್ಲೇ ನಡೆಯಿರಿ.

ನೋವಾದರೆ ಏನು ಮಾಡಬೇಕು?

ಹೆಚ್ಚಿನವರು ವ್ಯಾಯಾಮ ಬಿಡುವುದು ಇಲ್ಲಿ. ಬಹುಕಾಲ ಬಳಸದ ಮಾಂಸಖಂಡ ಮೊದಲ ವಾರಗಳಲ್ಲಿ ನೋಯುವುದು ಸಹಜ. ನೋಯಿತು ಎಂದಮಾತ್ರಕ್ಕೆ ಕೆಟ್ಟಿತು ಎಂದಲ್ಲ. ಒಂದು ಸುಲಭ ಸೂತ್ರ ನೆನಪಿಡಿ: ಮಾರನೆಯ ಬೆಳಗ್ಗೆಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅದೇ ಅಳತೆ ಮುಂದುವರಿಸಿ. ಇಳಿಯದಿದ್ದರೆ ಹಿಂದಿನ ವಾರದ ಅಳತೆಗೆ ಹೋಗಿ. ಆದರೆ ಪೂರ್ತಿ ನಿಲ್ಲಿಸಬೇಡಿ. ಕಾಲಿಗೆ ಹೊಸದಾಗಿ ಸೆಳೆತ, ಜೋಮು, ನಿಶ್ಶಕ್ತಿ ಬಂದರೆ ಮಾತ್ರ ನಿಲ್ಲಿಸಿ ವೈದ್ಯರನ್ನು ಕಾಣಿ.

ಸೊಂಟನೋವು ಹೋಗಿ ಮತ್ತೆ ಬರುವ ಸ್ವಭಾವದ್ದು. ಆಸ್ಟ್ರೇಲಿಯಾದಲ್ಲಿ ಆಗತಾನೆ ಗುಣವಾಗಿದ್ದ 701 ಜನರ ಮೇಲೆ ಒಂದು ಪರೀಕ್ಷೆ ನಡೆದು 2024ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅವರವರ ಶಕ್ತಿಗೆ ತಕ್ಕಂತೆ ನಡಿಗೆಯನ್ನು ಏರಿಸುತ್ತ, ವಾರಕ್ಕೆ ಐದು ದಿನ 30 ನಿಮಿಷದ ಗುರಿಯತ್ತ ಕರೆದೊಯ್ದರು, ತಿಳಿವಳಿಕೆ ಕೊಟ್ಟರು. ಇನ್ನೊಂದು ಗುಂಪಿಗೆ ಅದಿರಲಿಲ್ಲ. ನೋವು ಮರಳಲು ಎರಡನೆಯ ಗುಂಪಿನಲ್ಲಿ ಸುಮಾರು 112 ದಿನ ಹಿಡಿದರೆ, ನಡೆದ ಗುಂಪಿನಲ್ಲಿ ಸುಮಾರು 208 ದಿನ ಹಿಡಿಯಿತು. ನಡಿಗೆ ನೋವನ್ನು ಎಂದೆಂದಿಗೂ ಓಡಿಸಲಿಲ್ಲ, ಆದರೆ ದೂರ ತಳ್ಳಿತು. ಆ ನಡೆದವರನ್ನು ಆರು ತಿಂಗಳ ಕಾಲ ಫಿಸಿಯೋಥೆರಪಿಯವರು ಆಗಾಗ ವಿಚಾರಿಸುತ್ತಿದ್ದರು ಎಂಬುದನ್ನೂ ಮರೆಯಬಾರದು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಬಳಿ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ 80 ಸೊಂಟನೋವಿನ ರೋಗಿಗಳನ್ನು ಒಂದು ವಾರ ಅಲ್ಲಿಯೇ ಇರಿಸಿಕೊಂಡು, ಅರ್ಧ ಜನರಿಗೆ ಯೋಗ, ಅರ್ಧ ಜನರಿಗೆ ದೈಹಿಕ ವ್ಯಾಯಾಮ ಮಾಡಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಯೋಗದ ಗುಂಪಿನಲ್ಲಿ ಬೆನ್ನಿನ ಬಾಗುವಿಕೆ ಮತ್ತು ದಿನನಿತ್ಯದ ಕೆಲಸದ ಶಕ್ತಿ ಹೆಚ್ಚು ಸುಧಾರಿಸಿತ್ತು. ಆದರೆ ಅಲ್ಲಿ ಹೊತ್ತಿಗೆ ಸರಿಯಾಗಿ ಗಂಟೆಯುಂಟು, ಜೊತೆಗೆ ಹತ್ತು ಜನ ಉಂಟು, ಹೇಳಿಕೊಡುವ ಗುರುಗಳುಂಟು. ಮನೆಗೆ ಬಂದ ಮೇಲೆ ಗಂಟೆ ಹೊಡೆಯುವವರು ಯಾರು? ಅದನ್ನು ನಾವೇ ಏರ್ಪಾಡು ಮಾಡಿಕೊಳ್ಳಬೇಕು.

ಬಿಡದಿರಲು ಐದು ಉಪಾಯಗಳು

1. ಇರುವ ಕೆಲಸಕ್ಕೆ ಗಂಟುಹಾಕಿ. "ಬಿಡುವಾದಾಗ ಮಾಡುತ್ತೇನೆ" ಎಂದರೆ ಆ ಬಿಡುವು ಬರುವುದೇ ಇಲ್ಲ. ಹಸು ಹಾಲು ಕರೆಯುವುದು ಯಾವತ್ತೂ ತಪ್ಪುವುದಿಲ್ಲ. ಹಾಲು ಕರೆಯುವ ಮೊದಲು ಮೂರು ವ್ಯಾಯಾಮ, ಕರೆದ ಮೇಲೆ ಡೇರಿಗೆ ನಡಿಗೆ. ಕ್ಯಾನನ್ನು ಬೇಕಾದರೆ ಮಗ ತರಲಿ, ನೀವು ಬರಿಗೈಯಲ್ಲಿ ನಡೆಯಿರಿ.

2. ಗುರಿ ನಿಮ್ಮದಾಗಿರಲಿ. "ಬೆನ್ನು ಬಲವಾಗಬೇಕು" ಎಂಬ ಗುರಿ ಮನಸ್ಸಿಗೆ ನಾಟುವುದಿಲ್ಲ. ಮೇಲಿನ ಹೊಲಕ್ಕೆ ನಡೆದು ಹೋಗಬೇಕು, ತೆರಕಣಾಂಬಿ ಮಾರುಕಟ್ಟೆಯಲ್ಲಿ ಕೂರದೆ ವ್ಯಾಪಾರ ಮುಗಿಸಬೇಕು, ಮಹದೇಶ್ವರ ಬೆಟ್ಟದಲ್ಲಿ ತೇರಿನ ಹಿಂದೆ ಹೆಜ್ಜೆ ಹಾಕಬೇಕು, ಇಂಥದ್ದೊಂದನ್ನು ಮನೆಯವರ ಮುಂದೆ ಹೇಳಿಬಿಡಿ.

3. ಗುರುತು ಹಾಕಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ವ್ಯಾಯಾಮಕ್ಕೊಂದು ಗೀಟು, ನಡೆದ ನಿಮಿಷಕ್ಕೊಂದು ಅಂಕಿ. ತಿಂಗಳ ಕೊನೆಗೆ ಆರು ಹತ್ತಾದದ್ದು ಕಣ್ಣಿಗೆ ಕಾಣುತ್ತದೆ.

4. ಸುಗ್ಗಿಯ ದಿನಕ್ಕೆ ಸಣ್ಣ ಅಳತೆ ಇಟ್ಟುಕೊಳ್ಳಿ. ಅರಿಶಿನ ಅಗೆಯುವಾಗ, ಹೂ ಕೊಯ್ಲಿನಲ್ಲಿ ಪೂರ್ತಿ ವ್ಯಾಯಾಮ ಆಗದಿರಬಹುದು. ಆ ದಿನಗಳಿಗೆ ಒಂದೇ ವ್ಯಾಯಾಮ, ಐದೇ ಸಲ ಎಂದು ಮೊದಲೇ ಗೊತ್ತುಮಾಡಿ. ದೀಪ ಸಣ್ಣದಾದರೂ ಆರಬಾರದು.

5. ತಪ್ಪಿದರೆ ಮಾರನೆಯ ದಿನ ಹಿಡಿಯಿರಿ. ಒಂದು ಸಾಲು ಹುಟ್ಟಲಿಲ್ಲವೆಂದು ಯಾರೂ ಹೊಲ ಬಿಡುವುದಿಲ್ಲ, ಅಲ್ಲಿ ಮತ್ತೆ ಬೀಜ ಹಾಕುತ್ತೇವೆ. ತಪ್ಪಿದ ದಿನಗಳ ಬಾಕಿಯನ್ನು ಒಂದೇ ದಿನ ತೀರಿಸಲು ಮಾತ್ರ ಹೋಗಬೇಡಿ.

ಮನೆಯವರಿಗೆ ಒಂದು ಮಾತು

ಹೆಂಗಸರ ಸೊಂಟನೋವನ್ನು ಮನೆಯಲ್ಲಿ ಲೆಕ್ಕಕ್ಕೇ ಇಡುವುದಿಲ್ಲ. ಕಳೆ ತೆಗೆಯುವುದರಲ್ಲಿ, ನೀರು ಹೊರುವುದರಲ್ಲಿ ಅವರ ಪಾಲೇ ಹೆಚ್ಚು. ಆದರೆ ಸೊಸೆ ಬೆಳಗ್ಗೆ ಹತ್ತು ನಿಮಿಷ ಚಾಪೆ ಹಾಸಿದರೆ, "ಇದೇನವ್ವ, ಹೊತ್ತು ಹುಟ್ಟಿದ ಮೇಲೂ ಮಲಗೋದು?" ಎಂಬ ಮಾತು ಬರುತ್ತದೆ. ಆ ಒಂದು ಮಾತಿಗೆ ವ್ಯಾಯಾಮ ನಿಂತುಹೋಗುತ್ತದೆ. ಅತ್ತೆಯಂದಿರೇ, ಯಜಮಾನರೇ, ಆ ಹತ್ತು ನಿಮಿಷ ಒಲೆಯನ್ನು ನೀವು ನೋಡಿಕೊಳ್ಳಿ. ಸಾಧ್ಯವಾದರೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಮಾಡಿ. ನೋವು ಇಬ್ಬರಿಗೂ ಇದ್ದೇ ಇರುತ್ತದೆ.

ಇನ್ನು ರೋಗಿಯ ಕೈಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳುವುದು ಪ್ರೀತಿಯಾದರೂ ಉಪಕಾರವಲ್ಲ. ಭಾರದ ಕೆಲಸ ತೆಗೆದುಕೊಳ್ಳಿ, ನಡಿಗೆಯ ಕೆಲಸ ಉಳಿಸಿ.

ವಿಸ್ತರಣಾ ಕಾರ್ಯಕರ್ತರಿಗೆ

1980ರ ದಶಕದಲ್ಲಿ ತರಬೇತಿ ಮತ್ತು ಭೇಟಿ ಪದ್ಧತಿ ಇದ್ದಾಗ ಗ್ರಾಮಸೇವಕರು ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನ ಊರಿಗೆ ಬರಬೇಕಾಗಿತ್ತು. ಬರುವ ದಿನ ಗೊತ್ತಿದ್ದುದರಿಂದ ಹೇಳಿದ ಕೆಲಸ ಅಷ್ಟರೊಳಗೆ ಆಗುತ್ತಿತ್ತು. ಬೀಜೋಪಚಾರವನ್ನು ಭಾಷಣದಿಂದ ಯಾರೂ ಕಲಿಯಲಿಲ್ಲ. ಕೈಯಾರೆ ಮಾಡಿಸಿ, ಮತ್ತೆ ಬಂದು ಕೇಳಿದ್ದರಿಂದ ಕಲಿತರು. ಮನೆ ವ್ಯಾಯಾಮಕ್ಕೂ ಇದೇ ದಾರಿ. ಹೇಳಿದರೆ ಸಾಲದು, ರೋಗಿ ಮಾಡಿ ತೋರಿಸಬೇಕು. ಗೊತ್ತಾದ ದಿನ ಯಾರಾದರೂ ಕೇಳಬೇಕು. ಆಶಾ ಕಾರ್ಯಕರ್ತೆಯೋ, ಸ್ತ್ರೀಶಕ್ತಿ ಸಂಘದ ವಾರದ ಸಭೆಯೋ, ಡೇರಿಯ ಕಾರ್ಯದರ್ಶಿಯೋ, ಯಾರು ಬೇಕಾದರೂ ಕೇಳಬಹುದು.

ಆದರೆ ಕೇಳುವ ಬಗೆ ಮುಖ್ಯ. "ಮಾಡಿದಿರಾ ಇಲ್ಲವಾ?" ಎಂದು ಅಮಲ್ದಾರರಂತೆ ಕೇಳಿದರೆ, ಮಾಡದವರು ಸುಳ್ಳು ಹೇಳುತ್ತಾರೆ ಅಥವಾ ಮುಖ ತಪ್ಪಿಸುತ್ತಾರೆ. "ಈ ವಾರ ಯಾವ ದಿನ ಕಷ್ಟವಾಯಿತಣ್ಣ? ಏನು ಅಡ್ಡ ಬಂತು?" ಎಂದು ಕೇಳಿ. ಆಗ ನಿಜ ಹೊರಬರುತ್ತದೆ, ಅದಕ್ಕೆ ಪರಿಹಾರವೂ ಹೊಳೆಯುತ್ತದೆ. ನೋವು ಮೀರಿದವರನ್ನು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೋ, ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಗೋ, ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕಳುಹಿಸಿ.

ಮೊದಲು ಹೇಳಿದ ಆ ರೈತರ ಕಥೆಯನ್ನು ಮುಗಿಸಿ ನನ್ನ ಮಾತು ನಿಲ್ಲಿಸುತ್ತೇನೆ. ಯುಗಾದಿ ಕಳೆದ ಮೇಲೆ ಅವರು ಮತ್ತೆ ಶುರುಮಾಡಿದರು. ಎಂಟರ ಬದಲು ಮೂರು ವ್ಯಾಯಾಮ, ಹಾಲಿನ ಹೊತ್ತಿಗೆ. ಮನೆಯಾಕೆ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ಮಧ್ಯೆ ಎರಡು ಸಲ ನೋವು ಕೆರಳಿತು, ಎರಡು ಸಲವೂ ಅಳತೆ ಇಳಿಸಿದರೇ ಹೊರತು ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ದಾರಿಯಲ್ಲಿ ಒಂದೇ ಕಡೆ ಕುಳಿತು ಮೇಲಿನ ಹೊಲ ಮುಟ್ಟಿದರು. ನೋವು ಪೂರ್ತಿ ಹೋಗಿದೆಯೇ ಎಂದರೆ, "ಅದೆ ಸ್ವಾಮಿ, ಎಲ್ಲಿ ಹೋದದು? ಆದ್ರೆ ಈಗ ನಾನು ಹೇಳ್ದಂಗೆ ಅದು ಕೇಳ್ತದೆ" ಎನ್ನುತ್ತಾರೆ. ಹೊಲವನ್ನು ವಾರಕ್ಕೆ ಕೊಡುವ ಮಾತು ಮತ್ತೆ ಬರಲಿಲ್ಲ.

ನಾಳೆ ಬೆಳಗ್ಗೆ ಹಾಲು ಕರೆಯುವ ಮೊದಲು ಐದು ಸಲ ಜಗಲಿಯಿಂದ ಎದ್ದು ಕುಳಿತುಕೊಳ್ಳಿ. ಕ್ಯಾಲೆಂಡರಿನಲ್ಲಿ ಮೊದಲ ಗೀಟು ಹಾಕಿ. ಹದಿನೈದು ದಿನ ಬಿಟ್ಟು ನಿಮ್ಮ ಪಕ್ಕದ ಮನೆಯವರು ಕೇಳಲಿ, ನೀವು ಅವರನ್ನು ಕೇಳಿ.